ಬೆಂಕಿಯ ಉಸಿರು, ಬೆಸುಗೆಯ ಕೈ: ಮಾರ್ಪಡಿಸಿದ ಕ್ರೀಡಾಕಾರುಗಳ ನಿಷ್ಕಾಸ ಮತ್ತು ಟರ್ಬೊ ಭಾಗಗಳ ಕೈತಯಾರಿಕೆ – ಒಂದು ವೃತ್ತಿ ಜಾನಪದ ಚರಿತ್ರೆ

೧. ಪ್ರಸ್ತಾವನೆ

ಜಾನಪದ ಅಧ್ಯಯನವು ಕನ್ನಡದಲ್ಲಿ ಬಹುಕಾಲ ಗ್ರಾಮೀಣ ಬದುಕಿನ ಸುತ್ತಲೇ ಬೆಳೆದು ಬಂದಿದೆ. ನೇಗಿಲು, ಮಗ್ಗ, ತಿಗರಿ, ಕುಲುಮೆ ಇವು ನಮ್ಮ ವೃತ್ತಿ ಜಾನಪದದ ಪರಿಚಿತ ವಸ್ತುಗಳು. ಆದರೆ ವೃತ್ತಿಜ್ಞಾನವೆಂಬುದು ಹಳ್ಳಿಯ ಎಲ್ಲೆಯಲ್ಲಿ ನಿಂತುಬಿಡುವುದಿಲ್ಲ. ಬರಹದ ಆಸರೆಯಿಲ್ಲದೆ, ಗುರುವಿನ ಕೈಯಿಂದ ಶಿಷ್ಯನ ಕೈಗೆ ದಾಟುವ, ತನ್ನದೇ ಆದ ಪದಸಂಪತ್ತು ಮತ್ತು ನಂಬಿಕೆಗಳನ್ನುಳ್ಳ ಯಾವುದೇ ಕಸುಬು ಜಾನಪದದ ಕಕ್ಷೆಗೆ ಒಳಪಡುತ್ತದೆ. ಅಮೆರಿಕದ ವಿದ್ವಾಂಸ ರಾಬರ್ಟ್ ಮೆಕಾರ್ಲ್ ೧೯೭೮ರಲ್ಲಿ ‘ಕೆಲಸದ ತಂತ್ರಗಳ ಪರಂಪರೆ’ಯನ್ನೇ ವೃತ್ತಿ ಜಾನಪದದ ಕೇಂದ್ರವೆಂದು ಗುರುತಿಸಿದುದು ಈ ಅರ್ಥದಲ್ಲಿಯೇ. ಡಗ್ಲಾಸ್ ಹಾರ್ಪರ್ ೧೯೮೭ರಲ್ಲಿ ಪ್ರಕಟಿಸಿದ ‘ವರ್ಕಿಂಗ್ ನಾಲೆಜ್’ ಎಂಬ ಕೃತಿಯು ನ್ಯೂಯಾರ್ಕ್ ರಾಜ್ಯದ ಉತ್ತರಭಾಗದ ಒಬ್ಬ ಹಳ್ಳಿಯ ಮೆಕ್ಯಾನಿಕನ ಕೈಗೆಲಸವನ್ನೇ ಇಡೀ ಪುಸ್ತಕದ ವಸ್ತುವನ್ನಾಗಿಸಿತು.

ಈ ಹಿನ್ನೆಲೆಯಲ್ಲಿ ಪ್ರಸ್ತುತ ಲೇಖನವು ಮೇಲ್ನೋಟಕ್ಕೆ ಜಾನಪದಕ್ಕೆ ದೂರವೆನಿಸುವ ಒಂದು ಕಸುಬನ್ನು ಎತ್ತಿಕೊಂಡಿದೆ. ಮಾರ್ಪಡಿಸಿದ ಕ್ರೀಡಾಕಾರುಗಳಿಗೆ ನಿಷ್ಕಾಸ ಕೊಳವೆಗಳನ್ನೂ ಟರ್ಬೊಚಾರ್ಜರ್ ಕೂರಿಸುವ ಭಾಗಗಳನ್ನೂ ಒಂದೊಂದಾಗಿ ಕೈಯಲ್ಲಿ ತಯಾರಿಸುವ ಕೆಲಸ ಇದು. ಟರ್ಬೊಚಾರ್ಜರಿನ ಚರಿತ್ರೆ ಸಾಮಾನ್ಯವಾಗಿ ಪೇಟೆಂಟ್ ಪಡೆದವರ ಮತ್ತು ಕಂಪನಿಗಳ ಚರಿತ್ರೆಯಾಗಿ ಬರೆಯಲ್ಪಟ್ಟಿದೆ. ಕೊಳವೆಯನ್ನು ಕೊಯ್ದು, ಬಾಗಿಸಿ, ಬೆಸೆದವರ ಚರಿತ್ರೆ ಆ ಬರಹಗಳಲ್ಲಿ ಅಡಿಟಿಪ್ಪಣಿಯಾಗಿಯೂ ಬರುವುದು ವಿರಳ. ಆ ಕೈಗಳನ್ನು ಹೊರಗಿಟ್ಟರೆ ಈ ಯಂತ್ರದ ಚರಿತ್ರೆ ಅರ್ಥವಾಗುವುದಿಲ್ಲ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

೨. ತಿದಿ ಮತ್ತು ಟರ್ಬೊ

ಕುಲುಮೆಯ ಬೆಂಕಿ ಎಷ್ಟು ಉರಿಯಬೇಕೆಂಬುದನ್ನು ನಿರ್ಧರಿಸುವುದು ಇದ್ದಿಲಲ್ಲ, ತಿದಿ. ಗಾಳಿ ಹೆಚ್ಚಿದಷ್ಟೂ ಉರಿ ಹೆಚ್ಚು. ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ನಿನ ನಿಯಮವೂ ಇದೇ. ಸಿಲಿಂಡರಿನೊಳಗೆ ಎಷ್ಟು ಗಾಳಿ ಹೋಗುತ್ತದೋ ಅಷ್ಟಕ್ಕೆ ತಕ್ಕ ಇಂಧನವನ್ನು ಮಾತ್ರ ಸುಡಲು ಸಾಧ್ಯ. ಇಂಧನದ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಬಿಸಿ ಹೊಗೆಯ ರೂಪದಲ್ಲಿ ಹೊರಗೆ ಹೋಗಿಬಿಡುತ್ತದೆ. ಹೀಗೆ ಹೊರಹೋಗುವ ಹೊಗೆಯಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ತಾಜಾ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನವೇ ಟರ್ಬೊಚಾರ್ಜರ್. ಕಮ್ಮಾರನ ಭಾಷೆಯಲ್ಲಿ ಹೇಳುವುದಾದರೆ, ಬೆಂಕಿಯು ತನ್ನ ತಿದಿಯನ್ನು ತಾನೇ ಒತ್ತಿಕೊಳ್ಳುವ ಏರ್ಪಾಡು.

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ೧೯೦೫ರಲ್ಲಿ ಈ ತತ್ವಕ್ಕೆ ಪೇಟೆಂಟ್ ಪಡೆದನು. ಆದರೆ ಅದು ವ್ಯಾವಹಾರಿಕ ಯಶಸ್ಸು ಕಾಣಲು ಇಪ್ಪತ್ತು ವರ್ಷ ಬೇಕಾಯಿತು. ೧೯೨೦ರ ದಶಕದ ನಡುವೆ ‘ಪ್ರಾಯ್ಸನ್’ ಮತ್ತು ‘ಹಾನ್ಸೆಸ್ಟಾಟ್ ಡಾನ್ಸಿಗ್’ ಎಂಬ ಎರಡು ಜರ್ಮನ್ ಪ್ರಯಾಣಿಕ ಹಡಗುಗಳ ಡೀಸೆಲ್ ಎಂಜಿನ್ನುಗಳ ಶಕ್ತಿ ಟರ್ಬೊ ಅಳವಡಿಕೆಯಿಂದ ೧,೭೫೦ ಅಶ್ವಶಕ್ತಿಯಿಂದ ೨,೫೦೦ಕ್ಕೆ ಏರಿತು. ಇದಕ್ಕೂ ಮುನ್ನ, ೧೯೧೮ರಲ್ಲಿ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಸ್ಯಾನ್‌ಫರ್ಡ್ ಮಾಸ್ ಕೊಲರಾಡೊದ ಪೈಕ್ಸ್ ಶಿಖರದ ಮೇಲೆ, ೧೪,೦೦೦ ಅಡಿಗೂ ಮೀರಿದ ಎತ್ತರದಲ್ಲಿ, ಲಿಬರ್ಟಿ ವಿಮಾನ ಎಂಜಿನ್ನನ್ನು ಪರೀಕ್ಷಿಸಿದ್ದನು. ಸಮುದ್ರಮಟ್ಟದಲ್ಲಿ ೩೫೦ ಅಶ್ವಶಕ್ತಿ ನೀಡುತ್ತಿದ್ದ ಆ ಎಂಜಿನ್ ಶಿಖರದ ತೆಳುಗಾಳಿಯಲ್ಲಿ ೨೩೦ಕ್ಕೆ ಕುಸಿದಿತ್ತು. ಟರ್ಬೊ ಜೋಡಿಸಿದಾಗ ೩೫೬ಕ್ಕೆ ಏರಿತು.

ಈ ಎರಡೂ ಪ್ರಸಂಗಗಳಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ತತ್ವವು ಕಾಗದದ ಮೇಲೆ ಸಿದ್ಧವಾಗಿದ್ದರೂ ಕೆಂಪಗೆ ಕಾಯ್ದ ಹೊಗೆಯನ್ನು ಸೋರದಂತೆ, ಬಿರಿಯದಂತೆ ಟರ್ಬೈನಿನವರೆಗೆ ಒಯ್ಯುವ ಕೊಳವೆಯಿಲ್ಲದೆ ಯಂತ್ರ ಓಡುವುದಿಲ್ಲ. ಆದ್ದರಿಂದ ಟರ್ಬೊ ಚರಿತ್ರೆಯ ಜೊತೆಜೊತೆಗೆ ಲೋಹ ಮತ್ತು ಬೆಸುಗೆಯ ಚರಿತ್ರೆಯನ್ನೂ ಓದಬೇಕಾಗುತ್ತದೆ.

೩. ಕ್ಯಾಲಿಫೋರ್ನಿಯದ ಒಣಕೆರೆಗಳು

ಕಾರುಗಳಿಗೆ ನಿಷ್ಕಾಸ ಭಾಗಗಳನ್ನು ಕೈಯಲ್ಲಿ ಕಟ್ಟುವ ಕಸುಬು ಒಂದು ಸಮುದಾಯದ ಕಸುಬಾಗಿ ರೂಪುಗೊಂಡದ್ದು ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ. ಅಲ್ಲಿನ ಮ್ಯೂರಾಕ್ ಮೊದಲಾದ ಒಣಕೆರೆಗಳ ಗಟ್ಟಿನೆಲದಲ್ಲಿ ೧೯೩೦ರ ದಶಕದ ತರುಣರು ಹಳೆಯ ಫೋರ್ಡ್ ಕಾರುಗಳನ್ನು ಹಗುರಗೊಳಿಸಿ ವೇಗವನ್ನು ಅಳೆಯುತ್ತಿದ್ದರು. ೧೯೩೭ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್ ಹುಟ್ಟಿತು. ೧೯೪೮ರಲ್ಲಿ ‘ಹಾಟ್ ರಾಡ್’ ಪತ್ರಿಕೆ ಆರಂಭವಾಯಿತು. ೧೯೪೯ರಲ್ಲಿ ಯೂಟಾದ ಬಾನವಿಲ್ ಉಪ್ಪುಬಯಲಿನಲ್ಲಿ ಇದೇ ಸಂಘದ ಮೊದಲ ವೇಗಸಪ್ತಾಹ ನಡೆಯಿತು. ಮರುವರ್ಷವೇ ಜೀನ್ ಬಾಲ್ಸ್ಲಿ ಈ ಸಮುದಾಯದ ಸಂಸ್ಕೃತಿಯನ್ನು ಕುರಿತು ‘ಅಮೆರಿಕನ್ ಕ್ವಾರ್ಟರ್ಲಿ’ಯಲ್ಲಿ ಲೇಖನ ಪ್ರಕಟಿಸಿದರು. ಇಂತಹ ಕಸುಬಿನತ್ತ ವಿದ್ವತ್ ವಲಯ ಇಷ್ಟು ಬೇಗನೆ ಕಣ್ಣುಹಾಯಿಸಿದುದು ಗಮನಾರ್ಹವಾಗಿದೆ.

೧೯೩೨ರಲ್ಲಿ ಬಂದ ಫೋರ್ಡ್ ವಿ-೮ ಎಂಜಿನ್ ಅವರ ಅಚ್ಚುಮೆಚ್ಚಿನದು. ಅದರ ಪ್ರತಿ ಪಕ್ಕದಲ್ಲೂ ನಾಲ್ಕು ಸಿಲಿಂಡರುಗಳಿದ್ದರೂ ಹೊಗೆಯ ದ್ವಾರಗಳು ಮೂರೇ. ನಡುವಿನ ಎರಡು ಸಿಲಿಂಡರುಗಳು ಒಂದೇ ಬಾಯಿಯನ್ನು ಹಂಚಿಕೊಂಡಿದ್ದವು. ಸಾಲದುದಕ್ಕೆ ಹೊಗೆಯ ದಾರಿಯು ಎಂಜಿನ್ನಿನ ನೀರಿನ ಕವಚವನ್ನು ಹಾದುಬರುತ್ತಿದ್ದುದರಿಂದ ಎಂಜಿನ್ ಬೇಗ ಕಾಯುತ್ತಿತ್ತು. ಈ ಅಡಚಣೆಯೇ ಕೈಗೆಲಸಕ್ಕೆ ಪ್ರಚೋದನೆಯಾಯಿತು. ಕಾರ್ಖಾನೆಯ ಎರಕದ ಮ್ಯಾನಿಫೋಲ್ಡನ್ನು ಕಳಚಿ, ಪ್ರತಿ ದ್ವಾರಕ್ಕೂ ಒಂದೊಂದು ಕೊಳವೆ ಬೆಸೆದು, ಅವುಗಳನ್ನು ಮುಂದೆ ಒಂದುಗೂಡಿಸುವ ‘ಹೆಡರ್’ ರೂಢಿಗೆ ಬಂದಿತು.

ಇದೇ ಪ್ರದೇಶ ವಿಮಾನ ಕೈಗಾರಿಕೆಯ ನೆಲೆಯೂ ಆಗಿದ್ದುದು ಆಕಸ್ಮಿಕವಾದರೂ ನಿರ್ಣಾಯಕ ಸಂಗತಿ. ಸ್ಯಾನ್ ಡಿಯೇಗೊದ ಸೋಲಾರ್ ಏರ್‌ಕ್ರಾಫ್ಟ್ ಕಂಪನಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನಗಳಿಗೆ ತುಕ್ಕುರಹಿತ ಉಕ್ಕಿನ ನಿಷ್ಕಾಸ ಮ್ಯಾನಿಫೋಲ್ಡುಗಳನ್ನು ಭಾರಿ ಸಂಖ್ಯೆಯಲ್ಲಿ ತಯಾರಿಸಿತು. ಹಾಥಾರ್ನಿನ ನಾರ್ಥ್ರಾಪ್ ವಿಮಾನ ಕಾರ್ಖಾನೆಯಲ್ಲಿ ರಸೆಲ್ ಮೆರೆಡಿತ್ ಟಂಗ್‌ಸ್ಟನ್ ಮೊನೆ ಮತ್ತು ಹೀಲಿಯಂ ಅನಿಲದ ರಕ್ಷಣೆಯಲ್ಲಿ ಬೆಸೆಯುವ ವಿಧಾನವನ್ನು ರೂಪಿಸಿ ೧೯೪೨ರಲ್ಲಿ ಪೇಟೆಂಟ್ ಪಡೆದನು. ಹೀಲಿಯಮ್ಮಿನ ಸ್ಥಾನಕ್ಕೆ ಮುಂದೆ ಆರ್ಗಾನ್ ಬಂದಿತು. ಇಂದು ಜಗತ್ತಿನೆಲ್ಲೆಡೆ ‘ಟಿಗ್’ ಎಂದು ಕರೆಯುವುದು ಈ ಬೆಸುಗೆಯನ್ನೇ. ಯುದ್ಧಕಾಲದ ವಿಮಾನ ಕಾರ್ಖಾನೆಗಳು ಅಸಂಖ್ಯ ಜನರಿಗೆ ತೆಳುತಗಡಿನ ಕೆಲಸವನ್ನೂ ಬೆಸುಗೆಯನ್ನೂ ಕಲಿಸಿದವು. ಯುದ್ಧ ಮುಗಿದಾಗ ಹೆಚ್ಚುವರಿ ವಿಮಾನ ಸಾಮಗ್ರಿ ಅಗ್ಗದಲ್ಲಿ ಮಾರುಕಟ್ಟೆಗೆ ಬಂದಿತು. ೧೯೪೬ರಲ್ಲಿ ಬಿಲ್ ಬರ್ಕ್ ಎಂಬಾತ ಯುದ್ಧವಿಮಾನದ ಇಂಧನ ತೊಟ್ಟಿಯನ್ನೇ ಕಾರಿನ ಒಡಲಾಗಿಸಿದ್ದು ಇದಕ್ಕೆ ಪ್ರಸಿದ್ಧ ನಿದರ್ಶನ. ಒಂದು ಬೃಹತ್ ಕೈಗಾರಿಕೆ ಕಲಿಸಿದ ವಿದ್ಯೆ ಹೀಗೆ ಹಿತ್ತಿಲ ಶೆಡ್ಡುಗಳಿಗೆ ಇಳಿಯಿತು.

ಕಾರ್ಖಾನೆಗಳು ಕಾರಿಗೆ ಟರ್ಬೊ ಅಳವಡಿಸಿದ್ದು ೧೯೬೨ರಲ್ಲಿ. ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಮತ್ತು ಷೆವ್ರಲೆ ಕಾರ್ವೇರ್ ಮೊದಲಿಗವು. ಜೆಟ್‌ಫೈರ್ ಎರಡೇ ವರ್ಷಗಳಲ್ಲಿ ತೆರೆಮರೆಗೆ ಸರಿಯಿತು. ೧೯೭೩ರ ಬಿಎಂಡಬ್ಲ್ಯು ೨೦೦೨ ಟರ್ಬೊ, ೧೯೭೫ರ ಪೋರ್ಷೆ ೯೧೧ ಟರ್ಬೊ, ೧೯೭೭ರಲ್ಲಿ ಫಾರ್ಮುಲಾ ಒನ್ ಕಣಕ್ಕಿಳಿದ ರೆನೊ ಇವು ನಂತರದ ಹೆಜ್ಜೆಗಳು. ಈ ನಡುವೆ ಹಿತ್ತಿಲ ಕಸುಬು ಉದ್ಯಮವಾಗಿ ಬೆಳೆದು ೧೯೬೩ರಲ್ಲಿ ವೇಗಸಾಮಗ್ರಿ ತಯಾರಕರ ಸಂಘವೊಂದು ಸ್ಥಾಪನೆಯಾಯಿತು. ಈ ಬೆಳವಣಿಗೆಯನ್ನು ಡೇವಿಡ್ ಲಸ್ಕೊ ‘ದ ಬಿಸಿನೆಸ್ ಆಫ್ ಸ್ಪೀಡ್’ (೨೦೦೮) ಎಂಬ ಕೃತಿಯಲ್ಲಿ ವಿಸ್ತಾರವಾಗಿ ನಿರೂಪಿಸಿದ್ದಾರೆ.

೪. ಜಪಾನಿನ ಅಂಗಡಿಗಳು

ಟರ್ಬೊ ಭಾಗಗಳ ಕೈತಯಾರಿಕೆ ತನ್ನ ಪರಾಕಾಷ್ಠೆ ಮುಟ್ಟಿದ್ದು ಜಪಾನಿನಲ್ಲಿ ಎಂದರೆ ತಪ್ಪಾಗಲಾರದು. ಯಮಾಹಾ ಸಂಸ್ಥೆಯಲ್ಲಿ ಎಂಜಿನಿಯರಾಗಿದ್ದ ಹಿರೊಯುಕಿ ಹಸೆಗಾವಾ ೧೯೭೩ರಲ್ಲಿ ಫ್ಯೂಜಿ ಪರ್ವತದ ತಪ್ಪಲಲ್ಲಿ ‘ಎಚ್‌ಕೆಎಸ್’ ಸಂಸ್ಥೆಯನ್ನು ಆರಂಭಿಸಿದರು. ಆ ಸಂಸ್ಥೆಯು ಹೇಳಿಕೊಳ್ಳುವಂತೆ ೧೯೭೪ರಲ್ಲಿಯೇ ಅದು ಪ್ರಯಾಣಿಕ ಕಾರಿಗೆ ಹೊರಗಿನಿಂದ ಅಳವಡಿಸಬಹುದಾದ ಟರ್ಬೊ ಜೋಡಣೆಯನ್ನು ಮಾರಾಟಕ್ಕಿಟ್ಟಿತು. ಜಪಾನಿನ ಕಾರ್ಖಾನೆಯೊಂದು ಟರ್ಬೊ ಕಾರನ್ನು ಹೊರತಂದದ್ದು ೧೯೭೯ರ ಕೊನೆಯಲ್ಲಿ, ನಿಸ್ಸಾನ್ ಸೆಡ್ರಿಕ್ ಮೂಲಕ. ಅಂದರೆ ಸಣ್ಣ ಅಂಗಡಿಯ ಕೈಗಳು ದೊಡ್ಡ ಕಾರ್ಖಾನೆಗಿಂತ ಐದು ವರ್ಷ ಮುಂದಿದ್ದವು. ೧೯೮೧ರಲ್ಲಿ ಆರಂಭವಾದ ‘ಆಪ್ಷನ್’ ಪತ್ರಿಕೆ ಈ ಅಂಗಡಿಗಳ ಕೆಲಸವನ್ನು ದೇಶದಾದ್ಯಂತ ಪರಿಚಯಿಸಿತು.

ಕಾರ್ಖಾನೆ ಮತ್ತು ಕಸುಬುದಾರರ ಸಂಬಂಧಕ್ಕೆ ೧೯೮೯ರಲ್ಲಿ ಬಿಡುಗಡೆಯಾದ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಅತ್ಯುತ್ತಮ ಉದಾಹರಣೆ. ೨,೫೬೮ ಘನ ಸೆಂಟಿಮೀಟರಿನ, ಆರು ಸಿಲಿಂಡರಿನ, ಎರಡು ಟರ್ಬೊಗಳ ಅದರ ಎಂಜಿನ್ ಪಂದ್ಯಕ್ಕೆಂದೇ ರೂಪಿತವಾದದ್ದು. ೧೯೯೦ರಿಂದ ೧೯೯೩ರವರೆಗಿನ ಜಪಾನಿ ಟೂರಿಂಗ್ ಕಾರ್ ಸರಣಿಯ ೨೯ ಪಂದ್ಯಗಳನ್ನೂ ಈ ಕಾರು ಗೆದ್ದಿತು. ಆದರೆ ಜಪಾನಿನ ತಯಾರಕರು ತಮ್ಮೊಳಗೆ ಮಾಡಿಕೊಂಡಿದ್ದ ಒಪ್ಪಂದದಂತೆ ೨೦೦೪ರವರೆಗೂ ಯಾವ ಕಾರಿನ ಶಕ್ತಿಯನ್ನೂ ೨೮೦ಕ್ಕಿಂತ ಹೆಚ್ಚೆಂದು ಘೋಷಿಸುತ್ತಿರಲಿಲ್ಲ. ಹೀಗೆ ಕಾರ್ಖಾನೆಯು ಮುಚ್ಚಿಟ್ಟ ಸಾಮರ್ಥ್ಯವನ್ನು ಹೊರತೆಗೆಯುವುದೇ ಅಂಗಡಿಗಳ ಕಸುಬಾಯಿತು. ಮೂಲ ಟರ್ಬೊಗಳ ಟರ್ಬೈನು ಚಕ್ರ ಪಿಂಗಾಣಿಯ ಜಾತಿಯದು. ಒತ್ತಡ ಏರಿಸಿದರೆ ಒಡೆಯುತ್ತಿತ್ತು. ಅದನ್ನು ತೆಗೆದು ಲೋಹದ ಚಕ್ರದ ಟರ್ಬೊ ಕೂರಿಸಬೇಕಾದರೆ ಎಷ್ಟೋ ಸಲ ಎರಕದ ಮ್ಯಾನಿಫೋಲ್ಡನ್ನೂ ಬಿಟ್ಟು ಕೊಳವೆಗಳನ್ನು ಹೊಸದಾಗಿ ಕಟ್ಟಬೇಕಾಗುತ್ತಿತ್ತು. ಒಂದೊಂದು ಕಾರಿಗೂ ಒಂದೊಂದು ಜೋಡಣೆ, ಅಚ್ಚಿಲ್ಲ, ನಕಲಿಲ್ಲ.

೫. ಕೆಲಸದ ಕ್ರಮ

ಇಂತಹ ಮ್ಯಾನಿಫೋಲ್ಡೊಂದು ತಯಾರಾಗುವ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. ಏಕೆಂದರೆ ಬರಹದಲ್ಲಿ ಸಿಗದ ಜ್ಞಾನ ಅಡಗಿರುವುದು ಈ ಕ್ರಮದಲ್ಲಿಯೇ.

ಮೊದಲು ಹತ್ತು–ಹನ್ನೆರಡು ಮಿಲಿಮೀಟರ್ ದಪ್ಪದ ಉಕ್ಕಿನ ಫಲಕದಿಂದ, ಎಂಜಿನ್ನಿನ ದ್ವಾರಗಳಿಗೆ ಸರಿಹೊಂದುವ ಫ್ಲಾಂಜನ್ನು ಕೊಯ್ಯುತ್ತಾರೆ. ಟರ್ಬೊ ಎಲ್ಲಿ ಕೂರಬೇಕು ಎಂಬುದು ನಂತರದ ಪ್ರಶ್ನೆ. ಎಂಜಿನ್ ಕೋಣೆಯಲ್ಲಿ ಸ್ಟಿಯರಿಂಗಿನ ಸರಳು, ಬ್ರೇಕಿನ ನಳಿಕೆ, ಎಣ್ಣೆಯ ಸೋಸಕ ಎಲ್ಲವೂ ಜಾಗಕ್ಕಾಗಿ ಸ್ಪರ್ಧಿಸುತ್ತವೆ. ಬಗ್ಗಿಸಿದ ತಂತಿ ಅಥವಾ ಹಳೆಯ ಕೊಳವೆಯ ತುಂಡುಗಳಿಂದ ದಾರಿಯನ್ನು ಮೊದಲು ಗಾಳಿಯಲ್ಲಿಯೇ ಬರೆದುಕೊಳ್ಳುತ್ತಾರೆ. ನಾಲ್ಕು ಕೊಳವೆಗಳೂ ಆದಷ್ಟು ಸಮ ಉದ್ದವಾಗಿರಬೇಕು. ಯಾವ ಬಾಗೂ ಇಕ್ಕಟ್ಟಾಗಬಾರದು. ಬೋಲ್ಟು ಬಿಗಿಯಲು ಕೈಗೆ ಜಾಗ ಉಳಿಯಬೇಕು.

ನಾಲ್ಕು ಸಿಲಿಂಡರಿನ ಎಂಜಿನ್ ಸಾಮಾನ್ಯವಾಗಿ ೧-೩-೪-೨ರ ಕ್ರಮದಲ್ಲಿ ಉರಿಯುತ್ತದೆ. ಒಂದು ಮತ್ತು ನಾಲ್ಕನೆಯ ಸಿಲಿಂಡರುಗಳನ್ನು ಒಂದು ಜೋಡಿಯಾಗಿಯೂ, ಎರಡು ಮತ್ತು ಮೂರನೆಯವನ್ನು ಇನ್ನೊಂದು ಜೋಡಿಯಾಗಿಯೂ ಸೇರಿಸಿದರೆ ಪ್ರತಿ ಜೋಡಿಯ ಹೊಗೆಯ ಬಡಿತಗಳು ಸಮಾನ ಅಂತರದಲ್ಲಿ ಬರುತ್ತವೆ, ಒಂದಕ್ಕೊಂದು ಅಡ್ಡಬರುವುದಿಲ್ಲ. ನಮ್ಮ ಕಮ್ಮಾರರು ಎರಡು ತಿದಿಗಳನ್ನು ಒಂದಾದ ಮೇಲೊಂದರಂತೆ ಒತ್ತಿ ಬೆಂಕಿಯ ಉಸಿರು ಕಡಿಯದಂತೆ ನೋಡಿಕೊಳ್ಳುವುದನ್ನು ಬಲ್ಲವರಿಗೆ ಈ ಜೋಡಣೆ ತಕ್ಷಣ ಅರ್ಥವಾಗುತ್ತದೆ.

ಕೊಯ್ದ ತುಂಡುಗಳನ್ನು ಮೂರು ನಾಲ್ಕು ಕಡೆ ಚುಕ್ಕೆಬೆಸುಗೆಯಿಂದ ಹಿಡಿದಿಟ್ಟು, ಕಾರಿನಲ್ಲಿ ಕೂರಿಸಿ ನೋಡಿ, ಮತ್ತೆ ಕಳಚಿ ಪೂರ್ಣ ಬೆಸೆಯುತ್ತಾರೆ. ತುಕ್ಕುರಹಿತ ಉಕ್ಕನ್ನು ಬೆಸೆಯುವಾಗ ಹೊರಗೆ ಮಾತ್ರವಲ್ಲದೆ ಕೊಳವೆಯ ಒಳಗೂ ಆರ್ಗಾನ್ ತುಂಬಿರಬೇಕು. ಇಲ್ಲವಾದರೆ ಒಳಬದಿ ಗಾಳಿಗೆ ಸುಟ್ಟು ಕಪ್ಪು ಹರಳುಗಟ್ಟುತ್ತದೆ. ಆ ಹರಳು ಉದುರಿ ನಿಮಿಷಕ್ಕೆ ಲಕ್ಷ ಸುತ್ತಿಗೂ ಮೀರಿ ತಿರುಗುವ ಟರ್ಬೈನಿಗೆ ಬಡಿಯಬಹುದು. ಒಂದೇ ಕಡೆ ಎಡೆಬಿಡದೆ ಬೆಸೆದರೆ ಫ್ಲಾಂಜು ಬಾಳೆಯ ಎಲೆಯಂತೆ ಸುರುಳಿಯಾಗುತ್ತದೆ. ಆದ್ದರಿಂದ ದಪ್ಪ ಕಬ್ಬಿಣಕ್ಕೋ ಹಳೆಯ ಸಿಲಿಂಡರ್ ಹೆಡ್ಡಿಗೋ ಬಿಗಿದು, ಇಲ್ಲೊಂದಿಷ್ಟು ಅಲ್ಲೊಂದಿಷ್ಟು ಬೆಸೆದು, ಪೂರ್ತಿ ತಣಿದ ಮೇಲೆಯೇ ಬಿಚ್ಚಬೇಕು. ಕೊನೆಗೆ ಫ್ಲಾಂಜಿನ ಮುಖವನ್ನು ಮತ್ತೆ ಸಮತಟ್ಟು ಮಾಡುತ್ತಾರೆ.

ಈ ಭಾಗಗಳ ನಿಜವಾದ ಪರೀಕ್ಷೆ ಕಾವಿನಲ್ಲಿ. ಪೆಟ್ರೋಲ್ ಟರ್ಬೊ ಎಂಜಿನ್ನಿನ ಹೊಗೆ ೯೦೦ ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಅರ್ಧ ಮೀಟರ್ ಉದ್ದದ ತುಕ್ಕುರಹಿತ ಉಕ್ಕಿನ ಕೊಳವೆ ೮೦೦ ಡಿಗ್ರಿಯಷ್ಟು ಕಾಯ್ದರೆ ಸುಮಾರು ಏಳು ಮಿಲಿಮೀಟರ್ ಉದ್ದವಾಗುತ್ತದೆ. ಬೆಳೆಯಲು ಜಾಗವಿಲ್ಲದ ಕೊಳವೆ ತನ್ನ ಬೆಸುಗೆಯನ್ನೇ ಬಿರಿಯುತ್ತದೆ. ಜೊತೆಗೆ ೪೨೫ರಿಂದ ೮೫೦ ಡಿಗ್ರಿಯ ನಡುವೆ ದೀರ್ಘಕಾಲ ಇದ್ದಾಗ ಸಾಮಾನ್ಯ ತುಕ್ಕುರಹಿತ ಉಕ್ಕಿನೊಳಗಿನ ಕ್ರೋಮಿಯಂ ಇಂಗಾಲದೊಡನೆ ಸೇರಿ ಕಣಗಳ ಅಂಚನ್ನು ದುರ್ಬಲಗೊಳಿಸುತ್ತದೆ. ಆದಕಾರಣ ಬಲ್ಲವರು ಟೈಟಾನಿಯಂ ಬೆರೆತ ೩೨೧ನೆಯ ದರ್ಜೆಯ ಉಕ್ಕನ್ನು ಆರಿಸುತ್ತಾರೆ. ಟರ್ಬೊದ ಭಾರವನ್ನು ಕೊಳವೆಗಳ ಮೇಲೆ ಬಿಡದೆ ಪ್ರತ್ಯೇಕ ಆಧಾರ ಕೊಡುತ್ತಾರೆ. ನಡುವೆ ನೆರಿಗೆಗಟ್ಟಿದ ಹಿಗ್ಗುಕೊಳವೆಯನ್ನು ಸೇರಿಸುತ್ತಾರೆ. ಈ ಹಿಗ್ಗುಕೊಳವೆಗೆ ಇಂಗ್ಲಿಷ್ ಬಲ್ಲ ಕಸುಬುದಾರರು ಇಟ್ಟ ಹೆಸರು ‘ಬೆಲ್ಲೋಸ್’, ಅಂದರೆ ತಿದಿ. ಕುಲುಮೆಯನ್ನು ಮರೆತ ಮೇಲೂ ಭಾಷೆ ಅದನ್ನು ಮರೆತಿಲ್ಲ.

೬. ಹೆಸರುಗಳು ಮತ್ತು ನಂಬಿಕೆಗಳು

ಯಾವುದೇ ಜೀವಂತ ಕಸುಬು ತನ್ನ ವಸ್ತುಗಳಿಗೆ ಸುತ್ತಲಿನ ಲೋಕದಿಂದ ಹೆಸರು ಎತ್ತಿಕೊಳ್ಳುತ್ತದೆ. ಬಹುಕೊಳವೆಯ ಹೆಡರನ್ನು ಜಪಾನೀಯರು ‘ತಾಕೊ-ಆಶಿ’, ಅಂದರೆ ಅಷ್ಟಪದಿಯ ಕಾಲುಗಳು ಎನ್ನುತ್ತಾರೆ. ಜರ್ಮನ್ ಭಾಷೆಯಲ್ಲಿ ಅದು ಬೀಸಣಿಗೆ. ಬ್ರಿಟಿಷ್ ಕಸುಬುದಾರರ ಬಾಯಲ್ಲಿ ಬಾಳೆಹಣ್ಣಿನ ಗೊನೆ. ೧೯೬೦ರ ದಶಕದ ಫೋರ್ಡ್ ಜಿಟಿ-೪೦ ಕಾರಿನ ಹೆಣೆದುಕೊಂಡ ಕೊಳವೆಗಳು ‘ಹಾವಿನ ಹೊರೆ’ ಎಂದೇ ಹೆಸರಾದವು. ಒಂದೇ ವಸ್ತು, ಆದರೆ ಕಡಲಿನವರಿಗೆ ಅಷ್ಟಪದಿಯಾಗಿ, ಇನ್ನೊಬ್ಬರಿಗೆ ಹಾವಾಗಿ ಕಂಡಿದೆ. ಕೊಳವೆಯ ತುದಿಯನ್ನು ಇನ್ನೊಂದರ ಮೈಗೆ ಹೊಂದುವಂತೆ ಕೊಯ್ದರೆ ಅದು ‘ಮೀನಿನ ಬಾಯಿ’. ಬಾಗಿಗಾಗಿ ಕೊಯ್ದ ಓರೆ ತುಂಡುಗಳು ‘ಪೈ’ ಎಂಬ ತಿನಿಸಿನ ಹೋಳುಗಳು. ಒಳಬದಿಯ ಸುಟ್ಟ ಹರಳು ‘ಸಕ್ಕರೆ’. ಸಮನಾಗಿ ಬಿದ್ದ ಬೆಸುಗೆಯ ಅಲೆಗಳು ‘ಒರಗಿಸಿಟ್ಟ ನಾಣ್ಯಗಳು’. ಅಡುಗೆಮನೆ, ನೀರು, ಸಂತೆ ಈ ಮೂರೂ ಇಲ್ಲಿವೆ. ಭದ್ರಿರಾಜು ಕೃಷ್ಣಮೂರ್ತಿಯವರು ೧೯೬೨ರಲ್ಲಿ ತೆಲುಗಿನ ಕೃಷಿವೃತ್ತಿಯ ಪದಕೋಶವನ್ನು ಹೊರತಂದಾಗ ತೋರಿದ ಶ್ರದ್ಧೆಗೆ ಇಂತಹ ಪದಗಳೂ ಅರ್ಹವಾಗಿವೆ.

ನಂಬಿಕೆಗಳ ವಿಷಯದಲ್ಲಿ ಅತ್ಯಂತ ಕುತೂಹಲಕರವಾದುದು ‘ಎದುರೊತ್ತಡ’ ಕುರಿತದ್ದು. ಎಂಜಿನ್ನಿಗೆ ಹೊಗೆಯ ದಾರಿಯಲ್ಲಿ ಒಂದಿಷ್ಟು ತಡೆ ಬೇಕೇಬೇಕು, ಇಲ್ಲದಿದ್ದರೆ ಎಳೆತ ಕುಸಿಯುತ್ತದೆ ಎಂಬ ಮಾತನ್ನು ಅಮೆರಿಕದಿಂದ ಬೆಂಗಳೂರಿನವರೆಗೆ ಗ್ಯಾರೇಜುಗಳಲ್ಲಿ ಕೇಳಬಹುದು. ಎಂಜಿನಿಯರಿಂಗ್ ಶಾಸ್ತ್ರ ಇದನ್ನು ಒಪ್ಪುವುದಿಲ್ಲ. ತಡೆ ಎಂದರೆ ನಷ್ಟವೇ. ಹಾಗಾದರೆ ಈ ನಂಬಿಕೆ ಹುಟ್ಟಿದ್ದಾದರೂ ಎಲ್ಲಿಂದ? ಅಗತ್ಯಕ್ಕಿಂತ ಅಗಲವಾದ ಕೊಳವೆ ಹಾಕಿದಾಗ ಕಡಿಮೆ ವೇಗದಲ್ಲಿ ಎಳೆತ ಕುಗ್ಗುವುದು ನಿಜವಾದ ಅನುಭವ. ಆದರೆ ಅದಕ್ಕೆ ಕಾರಣ ತಡೆ ಇಲ್ಲವಾದದ್ದಲ್ಲ. ಹೊಗೆಯ ವೇಗ ಇಳಿದು, ಒಂದು ಬಡಿತ ತನ್ನ ಹಿಂದಿನ ಸಿಲಿಂಡರನ್ನು ಬರಿದು ಮಾಡಲು ಒದಗಿಸುತ್ತಿದ್ದ ಸೆಳೆತ ತಪ್ಪಿಹೋದದ್ದು. ಈ ಅಲೆಗಳ ವರ್ತನೆಯನ್ನು ಫಿಲಿಪ್ ಸ್ಮಿತ್ ಮತ್ತು ಜಾನ್ ಮಾರಿಸನ್ ೧೯೬೨ರಷ್ಟು ಹಿಂದೆಯೇ ಪುಸ್ತಕರೂಪದಲ್ಲಿ ವಿವರಿಸಿದ್ದರು. ನೋಟ ಸರಿ, ಕಾರಣ ತಪ್ಪು. ಜನಪದ ವೈದ್ಯದ ಎಷ್ಟೋ ನಂಬಿಕೆಗಳ ರಚನೆ ಇದೇ ಬಗೆಯದೆಂಬುದನ್ನು ನಾವು ಬಲ್ಲೆವು. ಟರ್ಬೊ ಕಾರುಗಳಲ್ಲಂತೂ ಟರ್ಬೈನಿನ ಮುಂದಿನ ಕೊಳವೆ ಅಗಲವಾದಷ್ಟೂ ಒಳಿತು ಎಂಬುದನ್ನು ಕಸುಬುದಾರರು ಅನುಭವದಿಂದ ಕಂಡುಕೊಂಡರು. ಹೀಗೆ ಹಳೆಯ ನಂಬಿಕೆ ಹೊಸ ಸಾಧನದ ಎದುರು ತಾನಾಗಿ ಸಡಿಲವಾಗುತ್ತ ಬಂದಿತು.

ಬಣ್ಣವನ್ನು ಓದುವ ವಿದ್ಯೆಯೂ ಹೀಗೆಯೇ. ಕಾಯ್ದ ತುಕ್ಕುರಹಿತ ಉಕ್ಕಿನ ಮೇಲೆ ಹುಲ್ಲುಹಳದಿ, ಹೊನ್ನು, ನೇರಳೆ, ನೀಲಿ ಬಣ್ಣಗಳು ಕಾವಿನ ಏರಿಕೆಗೆ ತಕ್ಕಂತೆ ಮೂಡುತ್ತವೆ. ಯಾವ ಸಿಲಿಂಡರಿನ ಕೊಳವೆ ಹೆಚ್ಚು ಕಾಯುತ್ತಿದೆ, ಬೆಸೆಯುವಾಗ ಅನಿಲದ ರಕ್ಷಣೆ ಎಲ್ಲಿ ತಪ್ಪಿತು ಎಂಬುದನ್ನು ನುರಿತ ಕಣ್ಣು ಇದರಿಂದಲೇ ಹೇಳಬಲ್ಲದು. ಉಳಿಗೆ ಹದ ಕೊಡುವಾಗ ಕಮ್ಮಾರ ಕಾಯುವ ಬಣ್ಣಗಳೂ ಇವೇ.

೭. ಕರ್ನಾಟಕದ ಸಂದರ್ಭ

ಕ್ರೀಡಾಕಾರುಗಳ ಮಾರ್ಪಾಡು ನಮ್ಮ ನೆಲದಲ್ಲಿ ಹುಟ್ಟಿದ್ದಲ್ಲ. ಆದರೆ ಅದಕ್ಕೆ ಬೇಕಾದ ಕೈಗಳು ಇಲ್ಲಿ ಹೊಸವೂ ಅಲ್ಲ. ಫ್ರಾನ್ಸಿಸ್ ಬುಕಾನನ್ ೧೮೦೦–೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದಾಗ ಕಬ್ಬಿಣ ಕರಗಿಸುವ ಕುಲುಮೆಗಳನ್ನೂ ಉಕ್ಕು ತಯಾರಿಸುವ ಮೂಸೆಗಳನ್ನೂ ಕಂಡು ವಿವರವಾಗಿ ದಾಖಲಿಸಿದನು. ೧೯೪೦ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಯುದ್ಧಕಾಲದಲ್ಲಿ ವಿಮಾನಗಳ ದುರಸ್ತಿಕೇಂದ್ರವಾಯಿತು. ೧೯೫೦ರ ದಶಕದ ಕೊನೆಯಲ್ಲಿ ಆರ್ಫಿಯಸ್ ಜೆಟ್ ಎಂಜಿನ್ನಿನ ತಯಾರಿಕೆಗೆ ಇಳಿಯಿತು. ವಿಮಾನ ಕೈಗಾರಿಕೆಯ ನೆರಳಿನಲ್ಲಿ ಬೆಸುಗೆಗಾರರ ಒಂದು ಪೀಳಿಗೆ ಬೆಳೆಯಿತು ಎಂಬ ಮಟ್ಟಿಗೆ ಬೆಂಗಳೂರು ಮತ್ತು ದಕ್ಷಿಣ ಕ್ಯಾಲಿಫೋರ್ನಿಯಗಳ ನಡುವೆ ಸಾಮ್ಯವನ್ನು ಗುರುತಿಸಬಹುದು.

ಮೋಟಾರು ಪಂದ್ಯಗಳ ನೆಲೆ ಮೊದಲಿಗೆ ನೆರೆಯ ಮದರಾಸು. ಅಲ್ಲಿನ ಶೋಲಾವರಂನ ಯುದ್ಧಕಾಲದ ವಿಮಾನದಾರಿಯಲ್ಲಿ ನಡೆಯುತ್ತಿದ್ದ ಪಂದ್ಯಗಳಿಗೆ ಬೆಂಗಳೂರಿನಿಂದಲೂ ಕಾರುಗಳು ಹೋಗುತ್ತಿದ್ದವು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-೧೦೦೦ ರ‍್ಯಾಲಿ ರಾಜ್ಯದೊಳಗೆ ಈ ಆಸಕ್ತಿಯನ್ನು ಉಳಿಸಿತು. ಬೆಂಗಳೂರಿನ ಜೆ.ಸಿ. ರಸ್ತೆ ಮತ್ತು ಅದರ ಸುತ್ತಲಿನ ಓಣಿಗಳು ಬಿಡಿಭಾಗ, ಲೇತು, ಟಿಂಕರಿಂಗ್ ಹಾಗೂ ಬೆಸುಗೆ ಅಂಗಡಿಗಳಿಂದ ಹೆಸರಾದವು. ಇಲ್ಲಿಯ ಕಸುಬಿನ ಮಾತು ಕನ್ನಡ, ಉರ್ದು, ತಮಿಳು, ಇಂಗ್ಲಿಷುಗಳ ಸಂಗಮ. ‘ಸೈಲೆನ್ಸರ್’ ಎಂಬ ಪದ ಇಲ್ಲಿ ಸದ್ದಡಗಿಸುವ ಡಬ್ಬಿಗೆ ಮಾತ್ರ ಸೀಮಿತವಾಗದೆ ಇಡೀ ಹೊಗೆಕೊಳವೆಯನ್ನು ಸೂಚಿಸುತ್ತದೆ. ಎಂಜಿನ್ನಿನಿಂದ ಹೊರಡುವ ಮೊದಲ ತುಂಡು ‘ಬೆಂಡ್ ಪೈಪು’. ಚುಕ್ಕೆಬೆಸುಗೆ ‘ಟ್ಯಾಕ್ ಹೊಡೆಯುವುದು’. ಸದ್ದು ಹೆಚ್ಚಿಸಲೆಂದು ಹಾಕಿಸಿದ ಕೊಳವೆಯನ್ನೂ ‘ಸೈಲೆನ್ಸರ್’ ಎಂದೇ ಕರೆಯುವುದು ಪದದ ಅರ್ಥ ವಿಸ್ತಾರಕ್ಕೆ ಒಂದು ಸೊಗಸಾದ ನಿದರ್ಶನ. ಆಯುಧಪೂಜೆಯ ದಿನ ಈ ಅಂಗಡಿಗಳಲ್ಲಿ ಸುತ್ತಿಗೆ, ವೈಸುಗಳ ಜೊತೆಗೆ ಆರ್ಗಾನ್ ಸಿಲಿಂಡರಿಗೂ ಬೆಸುಗೆಯ ಯಂತ್ರಕ್ಕೂ ಕುಂಕುಮ ಬೀಳುತ್ತದೆ. ತಿದಿಗೆ ಸಲ್ಲುತ್ತಿದ್ದ ಪೂಜೆ ತನ್ನ ವಾರಸುದಾರನನ್ನು ಕಂಡುಕೊಂಡಿದೆ.

೮. ಕಾನೂನು, ದೇಹ ಮತ್ತು ದಾಖಲೆ

ಈ ಕಸುಬನ್ನು ಕೇವಲ ಕೊಂಡಾಡುವುದು ಸಂಶೋಧಕನ ಕೆಲಸವಲ್ಲ. ಅದು ಉಂಟುಮಾಡುವ ಸದ್ದೂ ಹೊಗೆಯೂ ನಿಜ. ಅಮೆರಿಕದಲ್ಲಿ ೧೯೭೦ರ ಶುದ್ಧಗಾಳಿ ಕಾಯಿದೆ ಹಾಗೂ ೧೯೭೫ರ ಮಾದರಿಗಳಿಂದ ಬಂದ ಉತ್ಪ್ರೇರಕ ಶೋಧಕಗಳು ಹಿತ್ತಿಲ ಕೆಲಸಕ್ಕೆ ಎಲ್ಲೆ ಹಾಕಿದವು. ಭಾರತದಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳ ೧೨೦ನೆಯ ನಿಯಮ ಸೈಲೆನ್ಸರನ್ನು ಕಡ್ಡಾಯಗೊಳಿಸಿದೆ. ವಾಹನವನ್ನು ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಮಾರ್ಪಡಿಸಬಾರದೆಂಬ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮನ್ನು ಸರ್ವೋಚ್ಚ ನ್ಯಾಯಾಲಯ ೨೦೧೯ರ ಜನವರಿಯ ತೀರ್ಪಿನಲ್ಲಿ ಎತ್ತಿಹಿಡಿಯಿತು. ೨೦೨೦ರ ಏಪ್ರಿಲ್‌ನಿಂದ ಜಾರಿಯಾದ ಭಾರತ್ ಸ್ಟೇಜ್-೬ ಮಾನದಂಡಗಳು ನಿಷ್ಕಾಸ ವ್ಯವಸ್ಥೆಯನ್ನು ಎಂಜಿನ್ನಿನ ಗಣಕದ ಕಣ್ಗಾವಲಿಗೆ ಒಳಪಡಿಸಿದವು. ಸಾರ್ವಜನಿಕ ರಸ್ತೆಯಲ್ಲಿ ನಿವಾಸಿಗಳ ನೆಮ್ಮದಿ ಕೆಡಿಸುವ ಕೊಳವೆಗೆ ಪರಂಪರೆಯ ಹೆಸರಿನಲ್ಲಿ ರಕ್ಷಣೆ ಕೇಳಲಾಗದು. ಈ ವಿದ್ಯೆಗೆ ಯೋಗ್ಯವಾದ ಜಾಗ ಪಂ‌ದ್ಯದ ಕಣ.

ಆದರೆ ಹೊಣೆಗಾರಿಕೆಯ ಪ್ರಶ್ನೆ ಬಂದಾಗ ಕಾರಿನ ಒಡೆಯ, ಕೊಳವೆ ಕಟ್ಟಿದವನು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೆನಿಸದು. ಈ ಕಸುಬಿನ ಅಪಾಯ ಮೊದಲು ಮುಟ್ಟುವುದು ಬೆಸೆಯುವವನ ದೇಹವನ್ನು. ತುಕ್ಕುರಹಿತ ಉಕ್ಕಿನ ಬೆಸುಗೆಯ ಹೊಗೆಯಲ್ಲಿ ಷಡ್ವೇಲೆನ್ಸಿಯ ಕ್ರೋಮಿಯಂ ಇರುತ್ತದೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರು ೨೦೧೭ರಲ್ಲಿ ಬೆಸುಗೆಯ ಹೊಗೆಯನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲನೆಯ ವರ್ಗಕ್ಕೆ ಸೇರಿಸಿದರು. ಸತುವಿನ ಲೇಪವಿರುವ ಅಗ್ಗದ ಕೊಳವೆಯನ್ನು ಬೆಸೆದ ರಾತ್ರಿ ಜ್ವರ ಬರುವುದನ್ನು ಕಸುಬುದಾರರು ಬಹುಕಾಲದಿಂದ ಬಲ್ಲರು. ಅದಕ್ಕೆ ಹಾಲು ಕುಡಿಯಬೇಕೆಂಬ ಮದ್ದು ದೇಶದೇಶಗಳಲ್ಲಿ ಪ್ರಚಲಿತ. ಈ ಮದ್ದನ್ನು ಜಾನಪದ ಸಂಗ್ರಹಕಾರರು ಬರೆದುಕೊಳ್ಳಬಹುದು. ಆದರೆ ಹಾಲು ಹೊಗೆಯನ್ನು ತಡೆಯುವುದಿಲ್ಲ. ಮುಖವಾಡ ಮತ್ತು ಗಾಳಿಯಾಡುವ ಸೂರು ತಡೆಯುತ್ತವೆ. ಜ್ಞಾನವನ್ನು ದಾಖಲಿಸುವವನು ಆ ಜ್ಞಾನದ ಕೊರತೆಯನ್ನೂ ಜ್ಞಾನಿಯ ಮುಂದೆ ಇಡಬೇಕಾದ ಋಣ ಹೊತ್ತಿರುತ್ತಾನೆ ಎಂದು ನಾನು ಭಾವಿಸುತ್ತೇನೆ.

೯. ಸಮಾರೋಪ

ಈವರೆಗಿನ ವಿವೇಚನೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಬೃಹತ್ ಕೈಗಾರಿಕೆ ಮತ್ತು ಕೈಕಸುಬು ಪರಸ್ಪರ ವಿರೋಧಿಗಳಲ್ಲ. ವಿಮಾನ ಕಾರ್ಖಾನೆ ಕಲಿಸಿದ್ದನ್ನು ಹಿತ್ತಿಲು ಉಳಿಸಿ ಬೆಳೆಸಿತು, ಜಪಾನಿನ ಹಿತ್ತಿಲು ಮಾಡಿದ್ದನ್ನು ಕಾರ್ಖಾನೆ ತಡವಾಗಿ ಹಿಂಬಾಲಿಸಿತು. ಎರಡನೆಯದಾಗಿ, ಯಂತ್ರಯುಗದ ಕಸುಬಿಗೂ ತನ್ನದೇ ಪದಕೋಶ, ನಂಬಿಕೆ, ಆಚರಣೆ, ಗುರುಪರಂಪರೆಗಳಿವೆ. ಮೂರನೆಯದಾಗಿ, ಈ ಜ್ಞಾನ ಕರಗುವ ಹಂತದಲ್ಲಿದೆ. ವಿದ್ಯುತ್ ವಾಹನಕ್ಕೆ ಹೊಗೆಯಿಲ್ಲ. ಹೊಗೆಯಿಲ್ಲದ ಕಡೆ ಕೊಳವೆಯೂ ಇಲ್ಲ, ಟರ್ಬೊವೂ ಇಲ್ಲ.

ತಿದಿ ಬಳಕೆಯಿಂದ ಮರೆಯಾದ ಮೇಲೆಯೇ ನಾವು ಅದನ್ನು ವಸ್ತುಸಂಗ್ರಹಾಲಯಕ್ಕೆ ತಂದೆವು. ಆ ಹೊತ್ತಿಗೆ ಅದನ್ನು ಒತ್ತಿದ ಕಾಲಿನ ಲಯ, ಗಾಳಿಯ ಹದವನ್ನು ಅಳೆದ ಕಿವಿ, ಬೆಂಕಿಯ ಬಣ್ಣಕ್ಕಿದ್ದ ಹೆಸರುಗಳು ಬಹುಪಾಲು ಕಳೆದುಹೋಗಿದ್ದವು. ಉಳಿದದ್ದು ತೊಗಲಿನ ಚೀಲ ಮಾತ್ರ. ಬೆಸುಗೆಗಾರರ ವಿಷಯದಲ್ಲಿ ನಮಗೆ ಇನ್ನೂ ಕಾಲಾವಕಾಶವಿದೆ. ಅವರು ಇಂದಿಗೂ ಅಂಗಡಿಯಲ್ಲಿದ್ದಾರೆ, ಕೇಳಿದರೆ ಮಾತನಾಡುತ್ತಾರೆ. ಬಗ್ಗಿಸಿದ ತಂತಿಯ ಮಾದರಿಯನ್ನು ಕೆಲಸ ಮುಗಿದ ಮೇಲೆ ಅವರು ಗುಜರಿಗೆ ಎಸೆಯುತ್ತಾರೆ. ಅದನ್ನು ಎಸೆಯುವ ಮುನ್ನ ಕೈಚಾಚಿ ಪಡೆದುಕೊಂಡು, ಅದರ ಒಂದೊಂದು ಬಾಗಿನ ಕಾರಣವನ್ನು ಅವರ ಬಾಯಿಂದಲೇ ಬರೆದುಕೊಳ್ಳುವುದು ಕನ್ನಡ ಜಾನಪದ ಕ್ಷೇತ್ರಕಾರ್ಯದ ಮುಂದಿರುವ ತುರ್ತಿನ ಕೆಲಸಗಳಲ್ಲಿ ಒಂದಾಗಿದೆ.